ಅಂಕಗಳ ಲೆಕ್ಕದಲ್ಲಿ ಆಸ್ಟ್ರೇಲಿಯ

ನಮ್ಮ ಮನೆತನಗಳಲ್ಲಿ ನಾಲ್ಕು ಜನ ಕೂಡಿದಲ್ಲಿ ನಡೆಯುವ ಮಾತುಕತೆಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ವಿಷಯ ಸೇರಿಕೊಂಡಿದೆ. ಮದುವೆಯ ಪಂಕ್ತಿಯಲ್ಲಿ ಕುಳಿತರೂ ಸರಿ, ಜಾತ್ರೆಗೆಂದು ಊರಿಗೆ ಹೋದರೂ ಸರಿ, ಮಳೆ ಬೆಳೆಗಳ ವಿಚಾರ ಮುಗಿಯುತ್ತಲೇ 'ಹುಡುಗನ ಫೈಲು ಎಲ್ಲಿಗೆ ಬಂತು?' ಎಂಬ ಪ್ರಶ್ನೆ ಬರುತ್ತದೆ. ಫೈಲು ಎಂದರೆ ಹೊರದೇಶದ ವೀಸಾದ ಫೈಲು. ಹೋದವರ ಸುದ್ದಿ ಎಲ್ಲರಿಗೂ ಗೊತ್ತಿರುತ್ತದೆ. ಹೋಗುವ ಮುನ್ನ ಆ ಮನೆಯವರು ಪಟ್ಟ ಪಾಡು ಮಾತ್ರ ಯಾರ ಬಾಯಿಂದಲೂ ಕೇಳಿಬರುವುದಿಲ್ಲ. ನಮ್ಮ ಅಣ್ಣನವರ ಮಗನ ಅರ್ಜಿಯ ಜೊತೆಗೆ ಸುಮಾರು ಒಂದೂವರೆ ವರ್ಷ ನಾವೂ ಓಡಾಡಿದ್ದರಿಂದ, ಆ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಅಣ್ಣನವರು ಬೈಲಹೊಂಗಲ ತಾಲೂಕಿನ ಹಳ್ಳಿಯೊಂದರಲ್ಲಿ ಮಾಧ್ಯಮಿಕ ಶಾಲೆಯ ಶಿಕ್ಷಕರಾಗಿದ್ದು ನಿವೃತ್ತರಾದವರು. ಅವರಿಗೆ ಮೂವರು ಮಕ್ಕಳು. ಮೊದಲಿನಿಬ್ಬರು ಹೆಣ್ಣುಮಕ್ಕಳು, ಕೊನೆಯವನೇ ಈ ಮಗ. 2013ರಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿದ ಈತ ಮೂರು ವರ್ಷಕ್ಕೂ ಮಿಕ್ಕು ಸರಕಾರಿ ನೌಕರಿಯ ಪರೀಕ್ಷೆಗಳನ್ನು ಬರೆಯುತ್ತ ಕುಳಿತ. ಬಳಿಕ 2017ರ ಫೆಬ್ರುವರಿಯಲ್ಲಿ ಬೆಳಗಾವಿಯ ಎರಕದ ಕಾರಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಮದುವೆಯಾಗಿ ಒಂದು ಹೆಣ್ಣು ಕೂಸಾದ ಮೇಲೆ ಆಸ್ಟ್ರೇಲಿಯಕ್ಕೆ ಹೋಗುವ ವಿಚಾರ ಅವನ ತಲೆಯನ್ನು ಹೊಕ್ಕಿತು.

ಆ ದೇಶದ ಬಾಗಿಲು ಹಿಂದೆ ನಮ್ಮಂಥವರಿಗೆ ಮುಚ್ಚಿಯೇ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1901ರಲ್ಲಿ ಅಲ್ಲಿ ಜಾರಿಗೆ ಬಂದ ವಲಸೆ ನಿರ್ಬಂಧ ಕಾನೂನಿನ ಪ್ರಕಾರ, ಬಂದರಿನಲ್ಲಿ ಇಳಿದವನಿಗೆ ಅಧಿಕಾರಿಯು ಐರೋಪ್ಯ ಭಾಷೆಯೊಂದರಲ್ಲಿ 50 ಶಬ್ದಗಳ ಉಕ್ತಲೇಖನ ಕೊಡಬಹುದಾಗಿತ್ತು. ಯಾವ ಭಾಷೆಯೆಂಬುದನ್ನು ಗೊತ್ತುಮಾಡುವವನು ಅಧಿಕಾರಿಯೇ. ಇಂಗ್ಲಿಷ್ ಬಲ್ಲವನಿಗೆ ಬೇರೊಂದು ಭಾಷೆಯ ಉಕ್ತಲೇಖನ ಕೊಟ್ಟು ಹೊರಗೆ ಕಳಿಸುವುದು ಕಷ್ಟವಾಗಿರಲಿಲ್ಲ. 1958ರಲ್ಲಿ ಈ ಪರೀಕ್ಷೆ ರದ್ದಾಯಿತು. ಬಿಳಿಯರಿಗೆ ಮಾತ್ರ ಎಂಬ ನೀತಿ 1973ರಲ್ಲಿ ಪೂರ್ತಿ ಕೊನೆಗೊಂಡಿತು. 2021ರ ಜನಗಣತಿಯ ಹೊತ್ತಿಗೆ ಆಸ್ಟ್ರೇಲಿಯದಲ್ಲಿ ನೆಲೆಸಿದ ಭಾರತ ಸಂಜಾತರ ಸಂಖ್ಯೆ 6,73,000ವನ್ನು ಮೀರಿತ್ತು. ಹೊರದೇಶಗಳಲ್ಲಿ ಹುಟ್ಟಿ ಅಲ್ಲಿಗೆ ಬಂದವರ ಪೈಕಿ ಆಗ ಇಂಗ್ಲೆಂಡಿನವರನ್ನು ಬಿಟ್ಟರೆ ನಮ್ಮವರೇ ಹೆಚ್ಚಾಗಿದ್ದರು.

ಈಗಿನ ಪರೀಕ್ಷೆ ಅಂಕಗಳದ್ದು. ಕುಶಲ ವೃತ್ತಿಯವರ ವೀಸಾ ಬೇಡುವವನು 45 ವರ್ಷದ ಒಳಗಿನವನಾಗಿರಬೇಕು. ಅವನ ವೃತ್ತಿ ಸರಕಾರದ ಪಟ್ಟಿಯಲ್ಲಿರಬೇಕು. ಕನಿಷ್ಠ 65 ಅಂಕಗಳಾಗಬೇಕು. ವಯಸ್ಸು 25ರಿಂದ 32ರವರೆಗೆ ಇದ್ದರೆ 30 ಅಂಕ. 33 ತುಂಬಿದ ದಿನವೇ ಅದು 25ಕ್ಕೆ ಇಳಿಯುತ್ತದೆ. ಪದವಿಗೆ 15. ಹೊರದೇಶದಲ್ಲಿ ಮಾಡಿದ ಕೆಲಸ ಐದು ವರ್ಷ ದಾಟಿದ್ದರೆ 10, ಎಂಟು ದಾಟಿದರೆ 15. ಇಂಗ್ಲಿಷ್ ಪರೀಕ್ಷೆಯಲ್ಲಿ ಉತ್ತಮವೆನಿಸಿದರೆ 10, ಅತ್ಯುತ್ತಮವೆನಿಸಿದರೆ 20. ಹೆಂಡತಿ ಸಾಧಾರಣ ಮಟ್ಟದ ಇಂಗ್ಲಿಷ್ ಪರೀಕ್ಷೆ ಪಾಸಾದರೂ 5 ಅಂಕ ಸೇರುತ್ತವೆ. ಅಲ್ಲಿಯ ಯಾವುದಾದರೂ ರಾಜ್ಯ ಸರಕಾರ ನಾಮನಿರ್ದೇಶನ ಮಾಡಿದರೆ ಇನ್ನೂ 5. ದೊಡ್ಡ ನಗರಗಳ ಹೊರಗೆ ನೆಲೆಸುವ ತಾತ್ಕಾಲಿಕ ವೀಸಾಕ್ಕೆ 15. 65 ಆಯಿತೆಂದರೆ ಬಾಗಿಲು ತೆರೆಯಿತೆಂದು ತಿಳಿಯುವುದು ಭ್ರಮೆ. 2012ರ ಜುಲೈಯಿಂದ ಅಲ್ಲಿ ಬೇರೆ ಕ್ರಮವಿದೆ: ಮೊದಲು ಆಸಕ್ತಿಯನ್ನಷ್ಟೇ ನೋಂದಾಯಿಸಬೇಕು, ಹೆಚ್ಚು ಅಂಕದವರನ್ನು ಅವರೇ ಆರಿಸಿ ಕರೆಯುತ್ತಾರೆ, ಕರೆ ಬಂದ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

2024ರ ಜೂನಿನಲ್ಲಿ ನಮ್ಮ ಹುಡುಗನ ಲೆಕ್ಕ ಹೀಗಿತ್ತು: ವಯಸ್ಸಿಗೆ 30, ಪದವಿಗೆ 15, ಅನುಭವಕ್ಕೆ 10, ಇಂಗ್ಲಿಷಿಗೆ 10, ಒಟ್ಟು 65. ಬರುವ ಅಕ್ಟೋಬರಿನಲ್ಲಿ ಅವನಿಗೆ 33 ತುಂಬುವುದಿತ್ತು. ಕೆಲಸದ ಅನುಭವ ಏಳು ವರ್ಷ ನಾಲ್ಕು ತಿಂಗಳು.

ಈ ಲೆಕ್ಕವನ್ನು ಹಿಡಿದುಕೊಂಡು ಅವನು ಪಟ್ಟಣದ ಏಜೆಂಟರೊಬ್ಬರ ಕಡೆಗೆ ಹೋದ. ನಾವೂ ಜೊತೆಗಿದ್ದೆವು. ಹವಾನಿಯಂತ್ರಿತ ಕೋಣೆ, ಗೋಡೆಯ ಮೇಲೆ ಕಾಂಗರೂವಿನ ಚಿತ್ರ, ಮುಂದೆ ಚಹಾ. ಕಾಗದಗಳನ್ನು ನೋಡಿದ ಆ ಗೃಹಸ್ಥರು ನಗುತ್ತ, 'ಎಂಟು ತಿಂಗಳಿನ ಮಾತು, ಇದೇನು ದೊಡ್ಡದು? ಪರಿಚಯದವರ ವರ್ಕ್‌ಶಾಪ್ ಇರಬೇಕಲ್ಲ, 2016ರಿಂದಲೇ ಕೆಲಸ ಮಾಡಿದನೆಂದು ಒಂದು ಪತ್ರ ತನ್ನಿ, ಐದು ಅಂಕ ಬಂದವು' ಎಂದರು. ಅವರು ಕೇಳಿದ ಶುಲ್ಕವನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣನವರ ಆರು ತಿಂಗಳಿನ ಪಿಂಚಣಿಗಿಂತ ಹೆಚ್ಚಿತ್ತೆಂದರೆ ಸಾಕು.

ಸತ್ಯವನ್ನೇ ಹೇಳಬೇಕೆಂದರೆ, ಆ ಕ್ಷಣ ನಮಗೂ ಅದು ದೊಡ್ಡ ತಪ್ಪೆನಿಸಲಿಲ್ಲ. ವರ್ಕ್‌ಶಾಪ್ ಇಟ್ಟುಕೊಂಡ ಬೀಗರು ನಮ್ಮಲ್ಲೇ ಇದ್ದರು, ಕೇಳಿದರೆ ಇಲ್ಲವೆನ್ನುವವರಲ್ಲ. ಮನೆಗೆ ಬಂದು ನಿಯಮಗಳನ್ನು ಓದಿದಾಗ ಕಣ್ಣು ತೆರೆಯಿತು. ಸುಳ್ಳು ದಾಖಲೆ ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟದ್ದು ಕಂಡುಬಂದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ ಮೂರು ವರ್ಷ ಆ ದೇಶದ ಬಹುತೇಕ ವೀಸಾಗಳಿಗೆ ಅವಕಾಶವಿರುವುದಿಲ್ಲ. ಗುರುತನ್ನೇ ಮರೆಮಾಚಿದ್ದರೆ ಹತ್ತು ವರ್ಷ. ಮೂರು ವರ್ಷ ಕಳೆದರೆ ಈ ಹುಡುಗನ ವಯಸ್ಸಿಗೂ ದುಡ್ಡಿಗೂ ಏನು ಉಳಿದೀತು? ಅದೂ ಅಲ್ಲದೆ ಅವರು ಪತ್ರವೊಂದನ್ನೇ ನಂಬುವವರಲ್ಲ. ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಪಟ್ಟಿ, ಭವಿಷ್ಯನಿಧಿಯ ದಾಖಲೆ, ಆದಾಯ ತೆರಿಗೆಯ ಫಾರ್ಮ್ 16 ಇವೆಲ್ಲವನ್ನೂ ಕೇಳಬಹುದು. ಇಲ್ಲದ ನೌಕರಿಗೆ ಇವನ್ನೆಲ್ಲ ಹುಟ್ಟಿಸುವುದು ಎಲ್ಲಿಂದ?

ಏಜೆಂಟರ ಬಗ್ಗೆ ಇನ್ನೊಂದು ಮಾತು. ಆಸ್ಟ್ರೇಲಿಯದ ಒಳಗೆ ವಲಸೆಯ ಸಲಹೆ ಕೊಡುವವರು ಅಲ್ಲಿಯ ಸರಕಾರದಲ್ಲಿ ನೋಂದಾಯಿತರಾಗಿರಬೇಕು, ಇಲ್ಲವೆ ವಕೀಲರಾಗಿರಬೇಕು. ನಮ್ಮೂರಿನಲ್ಲಿ ಕುಳಿತವರಿಗೆ ಆ ಕಟ್ಟಳೆಯಿಲ್ಲ. ನೋಂದಣಿ ಸಂಖ್ಯೆಯಿದೆಯೇ ಎಂದು ಕೇಳಿ ಪಟ್ಟಿಯಲ್ಲಿ ಹುಡುಕಿ ನೋಡುವುದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಹೊಲ ಒತ್ತೆಯಿಟ್ಟವರನ್ನು ನಾವು ಬಲ್ಲೆವು. ಏಜೆಂಟರಿಲ್ಲದೆ ಸ್ವತಃ ಅರ್ಜಿ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ. ನಮ್ಮ ಹುಡುಗ ಮಾಡಿದ್ದು ಅದನ್ನೇ.

ಮೊದಲ ಹೆಜ್ಜೆ ವೃತ್ತಿಯ ಮೌಲ್ಯಮಾಪನ. ಎಂಜಿನಿಯರರ ಮೌಲ್ಯಮಾಪನ ಮಾಡುವುದು ಎಂಜಿನಿಯರ್ಸ್ ಆಸ್ಟ್ರೇಲಿಯ ಎಂಬ ಸಂಸ್ಥೆ. ಪದವಿಗಳ ಪರಸ್ಪರ ಮನ್ನಣೆಯ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ ಕಾಯಂ ಸದಸ್ಯನಾದದ್ದು 2014ರ ಜೂನಿನಲ್ಲಿ. ಇವನ ಪದವಿ ಅದಕ್ಕೂ ಹಿಂದಿನದು. ಹೀಗಾಗಿ ಇವನು ತನ್ನ ಸಾಮರ್ಥ್ಯವನ್ನು ಬರವಣಿಗೆಯಲ್ಲಿ ತೋರಿಸಿಕೊಡಬೇಕಾಯಿತು: ತಾನು ಮಾಡಿದ ಮೂರು ಕೆಲಸಗಳ ಮೇಲೆ ಮೂರು ಪ್ರಬಂಧ, ಒಂದೊಂದೂ 1,000ದಿಂದ 2,500 ಶಬ್ದ. ಇವುಗಳನ್ನು ಬರೆದುಕೊಡುವ ಅಂಗಡಿಗಳೂ ಇವೆ. ಒಬ್ಬರದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ನಕಲೆಂದು ಕಂಡುಬಂದವರ ಅರ್ಜಿಯನ್ನು ಸಂಸ್ಥೆ ತಿರಸ್ಕರಿಸುತ್ತದೆ.

ಈ ಪ್ರಬಂಧಗಳಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಎಲ್ಲವನ್ನೂ 'ನಾನು' ಎಂದೇ ಬರೆಯಬೇಕು, 'ನಾವು' ಎನ್ನುವಂತಿಲ್ಲ. ತಂಡ ಏನು ಮಾಡಿತೆಂಬುದು ಅವರಿಗೆ ಬೇಡ. ಇವನು ಏನು ಮಾಡಿದನೆಂಬುದು ಬೇಕು. ಇಷ್ಟು ಸರಳವಾದ ಮಾತು ನಮ್ಮ ಹುಡುಗನನ್ನು ಮೂರು ವಾರ ಕಾಡಿತು. ಅವನ ಕಾರಖಾನೆಯಲ್ಲಿ ಪಂಪಿನ ಎರಕಗಳೊಳಗೆ ಗಾಳಿಗುಳ್ಳೆ ಬಂದು ಮಾಲು ತಿರಸ್ಕೃತವಾಗುತ್ತಿತ್ತು. ಮರಳಿನ ತೇವ ಹೆಚ್ಚಾಗಿದೆ ಎಂಬುದನ್ನು ಪತ್ತೆಹಚ್ಚಿ, ಅಚ್ಚಿನಲ್ಲಿ ಗಾಳಿ ಹೊರಹೋಗುವ ರಂಧ್ರಗಳ ಜಾಗ ಬದಲಿಸಿ ಸರಿಪಡಿಸಿದರು. ಅದನ್ನು ಬರೆಯಲು ಕುಳಿತವನು ಒಂದು ರಾತ್ರಿ ನಮ್ಮೆದುರು ಪೆನ್ನು ಕೆಳಗಿಟ್ಟ. 'ಕಾಕಾ, ಮರಳು ಮುಟ್ಟಿ ನೋಡಿ ಹಸಿ ಐತಿ ಅಂದಾವ್ರು ನಮ್ಮ ಮೋಲ್ಡರ್ ಮಾಮಾರು. ಅವ್ರು ಹೇಳಿದ್ದನ್ನ ನಾ ಕಂಡುಹಿಡದೆ ಅಂತ ಹೆಂಗ ಬರೀಲಿ?' ಎಂದ.

ನಮಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಈ ಬರಹವನ್ನೇ 'ನಾವು' ಎಂದು ಬರೆಯುತ್ತಿರುವ ನಮಗೆ ಅವನ ಸಂಕೋಚ ಅರ್ಥವಾಗದೆ ಹೋದೀತೆ? ಕೊನೆಗೆ ಅವನೇ ದಾರಿ ಕಂಡುಕೊಂಡ. ಹಿರಿಯ ಕೆಲಸಗಾರರೊಬ್ಬರು ಸಂದೇಹವನ್ನು ಸೂಚಿಸಿದರು, ನಾನು ಹದಿನೈದು ದಿನ ಮರಳಿನ ತೇವವನ್ನು ಅಳೆದೆ, ನಾನು ತಿರಸ್ಕೃತ ಎರಕಗಳೊಂದಿಗೆ ಆ ಅಳತೆಗಳನ್ನು ಹೋಲಿಸಿದೆ, ನಾನು ಹೊಸ ನಕ್ಷೆ ಬರೆದೆ ಎಂದು ಇದ್ದದ್ದನ್ನು ಇದ್ದಂತೆಯೇ ಬರೆದ. ಪ್ರಬಂಧ ಒಪ್ಪಿಗೆಯಾಯಿತು. ಆ ಮೋಲ್ಡರ್ ಓದು ಬರಹ ಕಲಿತವರಲ್ಲ. ಆಸ್ಟ್ರೇಲಿಯದ ಕಡತದಲ್ಲಿ ತಮ್ಮ ಮಾತು ದಾಖಲಾಗಿದೆಯೆಂದು ತಿಳಿದು, 'ಹಂಗಾರ ನನಗೂ ಒಂದು ವೀಸಾ ಕೊಡ್ತಾರೇನು' ಎಂದು ನಕ್ಕರಂತೆ.

ಕಾಗದಪತ್ರಗಳದ್ದು ಇನ್ನೊಂದು ಕಥೆ. ಇವನ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಬಿ.ಇ. ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ, ತಂದೆಯ ಹೆಸರು ಒಂದೆಡೆ ಬರೀ ಇನಿಶಿಯಲ್. ಸೊಸೆಗೆ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು. ಮದುವೆ ಗುರುಹಿರಿಯರ ಸಮ್ಮುಖದಲ್ಲಿ ಸಾವಿರ ಜನರ ಮುಂದೆ ಆಗಿದ್ದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿರಲಿಲ್ಲ. ಲಗ್ನಪತ್ರಿಕೆ, ಫೋಟೊ, ಸಾಕ್ಷಿದಾರರನ್ನು ಕರೆದುಕೊಂಡು ಹೋಗಿ ನೋಂದಣಿ ಮಾಡಿಸಿದೆವು. ಮಕ್ಕಳನ್ನು ಶಾಲೆಗೆ ಹೆಸರು ಹಚ್ಚುವಾಗಲೇ ತಂದೆತಾಯಿಗಳು ಒಂದು ಹೆಸರನ್ನು ಗೊತ್ತುಮಾಡಿ ಎಲ್ಲ ಕಡೆಗೂ ಅದನ್ನೇ ಬರೆಸಬೇಕು. ಹೊರದೇಶಕ್ಕೆ ಹೋಗದವರಿಗೂ ಇದು ಒಳ್ಳೆಯದೇ.

ಸೊಸೆಯ ವಿಷಯವನ್ನು ಬಿಡಲಾಗದು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆ ಇಂಗ್ಲಿಷ್ ಪರೀಕ್ಷೆಯೆಂದರೆ ಮೊದಲು ಹೆದರಿದಳು. ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕರಲ್ಲೂ ತಲಾ 6 ಬರಬೇಕು. ಬರೆಯುವ ಭಾಗದಲ್ಲಿ ಒಂದು ಗಂಟೆಗೆ ಎರಡು ಬರಹ, 150 ಶಬ್ದಗಳದ್ದೊಂದು, 250ರದ್ದೊಂದು. ಕೂಸು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಮೂರು ತಿಂಗಳು ಅಭ್ಯಾಸ ಮಾಡಿದಳು. ಮೊದಲ ಯತ್ನದಲ್ಲೇ ಪಾಸಾಗಿ ಮನೆಗೆ ಐದು ಅಂಕ ತಂದಳು. ಗಂಡನಿಗೆ ಅಷ್ಟು ಸುಲಭವಾಗಲಿಲ್ಲ. ಅತ್ಯುತ್ತಮ ಶ್ರೇಣಿಗೆ ನಾಲ್ಕರಲ್ಲೂ 8 ಬೇಕು, ಬರವಣಿಗೆಯಲ್ಲಿ ಪ್ರತಿಸಲವೂ 7ಕ್ಕೇ ನಿಲ್ಲುತ್ತಿದ್ದ. ಕೊನೆಗೆ ಪಿ.ಟಿ.ಇ. ಎಂಬ ಕಂಪ್ಯೂಟರ್ ಪರೀಕ್ಷೆ ಬರೆದ. ಆಗ ಅದರಲ್ಲಿ ನಾಲ್ಕರಲ್ಲೂ 79 ಬೇಕಿತ್ತು. 2025ರ ಆಗಸ್ಟಿನಲ್ಲಿ ಆ ಮಟ್ಟಗಳು ಬದಲಾಗಿವೆ. ಮೂರನೆಯ ಯತ್ನಕ್ಕೆ ದಾಟಿದ. ಒಟ್ಟು 80 ಅಂಕಗಳಾದವು.

ಅಕ್ಟೋಬರ್ ಬಂತು, ಕರೆ ಬರಲಿಲ್ಲ. ವಯಸ್ಸನ್ನು ಕರೆ ಬಂದ ದಿನಕ್ಕೆ ಎಣಿಸುವುದರಿಂದ, ಹುಟ್ಟಿದ ದಿನದ ಬೆಳಿಗ್ಗೆ ಅವನ ಅಂಕ 75 ಆಗಿತ್ತು. ಮನೆಯಲ್ಲಿ ಪಾಯಸ ಮಾಡಿದ್ದರೂ ಯಾರೂ ಮಾತಾಡಲಿಲ್ಲವೆಂದು ವೈನಿಯವರು ಆಮೇಲೆ ಹೇಳಿದರು. ಆ ಏಜೆಂಟರ ಪತ್ರ ನೆನಪಾಗಿರಲಿಲ್ಲವೆಂದರೆ ಸುಳ್ಳಾದೀತು. ನಾಲ್ಕು ತಿಂಗಳು ಕಳೆದು 2025ರ ಫೆಬ್ರುವರಿಯಲ್ಲಿ ಅದೇ ಕಾರಖಾನೆಯಲ್ಲಿ ಅವನ ಎಂಟು ವರ್ಷ ತುಂಬಿದವು. ಅನುಭವದ ಅಂಕ 15 ಆಯಿತು, ಒಟ್ಟು ಮತ್ತೆ 80. ಏಪ್ರಿಲಿನಲ್ಲಿ ಒಂದು ರಾಜ್ಯದ ನಾಮನಿರ್ದೇಶನ ಬಂತು, ಅದರ ಬೆನ್ನಿಗೇ ಕರೆ. ಮುಖ್ಯ ಅರ್ಜಿದಾರನ ಶುಲ್ಕ ಆಗ 4,765 ಆಸ್ಟ್ರೇಲಿಯನ್ ಡಾಲರ್. ಹೆಂಡತಿಗೆ ಸುಮಾರು ಅದರ ಅರ್ಧ, ಕೂಸಿಗೆ ಕಾಲುಭಾಗ. ವೀಸಾ ಸಿಗದಿದ್ದರೆ ಈ ಹಣ ಮರಳಿ ಬರುವುದಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಪ್ರಮಾಣಪತ್ರ, ಬೆಂಗಳೂರಿನಲ್ಲಿ ಅವರೇ ಗೊತ್ತುಮಾಡಿದ ವೈದ್ಯರಲ್ಲಿ ತಪಾಸಣೆ, ಇವೆಲ್ಲ ಮುಗಿದು ನವೆಂಬರಿನಲ್ಲಿ ಮಂಜೂರಾತಿ ಬಂತು.

ಮಂಜೂರಾತಿ ಬಂದ ರಾತ್ರಿ ಅಣ್ಣನವರು ನಮ್ಮನ್ನು ಪಡಸಾಲೆಗೆ ಕರೆದು, 'ನಾವಿಬ್ಬರೂ ಮುಂದ ಅಲ್ಲಿಗೆ ಹೋಗಿ ಇರಬಹುದೇನೋ ತಮ್ಮಾ?' ಎಂದು ಕೇಳಿದರು. ಅಷ್ಟು ದಿನ ಯಾರೂ ಎತ್ತದಿದ್ದ ಪ್ರಶ್ನೆ ಇದು. ತಂದೆತಾಯಿಗಳ ಕಾಯಂ ವೀಸಾಕ್ಕೆ ಅಲ್ಲಿ ಕುಟುಂಬ ಸಮತೋಲನವೆಂಬ ನಿಯಮವಿದೆ. ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯದಲ್ಲಿ ನೆಲೆಸಿರಬೇಕು, ಇಲ್ಲವೆ ಬೇರಾವ ಒಂದು ದೇಶಕ್ಕಿಂತಲೂ ಅಲ್ಲಿ ಹೆಚ್ಚು ಮಕ್ಕಳಿರಬೇಕು. ಅಣ್ಣನವರ ಇಬ್ಬರು ಹೆಣ್ಣುಮಕ್ಕಳು ಸವದತ್ತಿ, ಗೋಕಾಕಗಳಲ್ಲಿ ಸಂಸಾರ ಹೂಡಿದ್ದಾರೆ. ಮೂವರಲ್ಲಿ ಒಬ್ಬನೆಂದರೆ ಅರ್ಧವಾಗುವುದಿಲ್ಲ. ನಿಯಮ ಪೂರೈಸಿದವರಿಗೂ ಸಾಮಾನ್ಯ ವೀಸಾಕ್ಕೆ ಸುಮಾರು ಮೂವತ್ತು ವರ್ಷ ಕಾಯುವ ಸಾಲಿದೆ. ಬೇಗ ಬೇಕೆಂದರೆ ಒಬ್ಬೊಬ್ಬರಿಗೆ 40,000 ಡಾಲರಿಗೂ ಮಿಕ್ಕಿ ತೆರಬೇಕು. ಗಣಿತದ ಮಾಸ್ತರರಾಗಿದ್ದ ಅಣ್ಣನವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. 'ಹೆಣ್ಣುಮಕ್ಕಳನ್ನೂ ಲೆಕ್ಕಕ್ಕ ಹಿಡೀತಾರಲ್ಲ, ಅದು ಚೊಲೋನ ಆತು' ಎಂದಷ್ಟೇ ಅಂದರು.

ಉಳಿದಿರುವುದು 2019ರಲ್ಲಿ ಆರಂಭವಾದ ತಾತ್ಕಾಲಿಕ ವೀಸಾ. ಅದಕ್ಕೆ ಈ ಸಮತೋಲನದ ನಿಯಮವಿಲ್ಲ. ಮಗನು ಮೊದಲು ಪ್ರಾಯೋಜಕನೆಂದು ಒಪ್ಪಿಗೆ ಪಡೆಯಬೇಕು, ಬಳಿಕ ತಂದೆತಾಯಿ ಮೂರು ಇಲ್ಲವೆ ಐದು ವರ್ಷ ಇರಬಹುದು. ಎಷ್ಟು ಸಲ ಪಡೆದರೂ ಒಟ್ಟು ಹತ್ತು ವರ್ಷ ಮೀರುವಂತಿಲ್ಲ, ಅಲ್ಲಿ ದುಡಿಯುವಂತಿಲ್ಲ. ಅಲ್ಪಾವಧಿಯ ಭೇಟಿಗೆ ಸಂದರ್ಶಕರ ವೀಸಾ ಇದ್ದೇ ಇದೆ.

ಯಾವುದಕ್ಕಾದರೂ ಮೊದಲು ಪಾಸ್‌ಪೋರ್ಟ್ ಬೇಕಲ್ಲ. ಹುಡುಗ ಹೊರಟ ಮರುವಾರವೇ ಅಣ್ಣ ವೈನಿಯವರ ಕಾಗದಗಳನ್ನು ಹರಡಿಕೊಂಡು ಕುಳಿತೆವು. ಅಣ್ಣನವರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಅಂದಿನ ಮಾಸ್ತರರು ಇಡೀ ತರಗತಿಗೆ ಬರೆದುಕೊಟ್ಟ ದಿನಾಂಕವದು. ವೈನಿಯವರಿಗೆ ಆ ದಾಖಲೆಯೂ ಇಲ್ಲ. ಮಹಾನವಮಿ ಕಳೆದ ನಾಲ್ಕನೆಯ ದಿನ, ಜೋಳ ಹಾಲುಗಾಳಿನಲ್ಲಿದ್ದಾಗ ಹುಟ್ಟಿದೆನೆಂದು ತಾಯಿ ಹೇಳುತ್ತಿದ್ದುದು ಅವರಿಗೆ ನೆನಪಿದೆ. ಬರುವ ಸೋಮವಾರ ಅವರ ತವರೂರಿನ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿ ನೋಡುವುದೆಂದು ಗೊತ್ತುಮಾಡಿದ್ದೇವೆ.