ಕೂದಲೆಳೆಯ ಅಂತರದಲ್ಲಿ ಗಾಳ

ಗೆಂಡೆ ಮೀನಿನ ದವಡೆಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಕೆರೆಯ ತಳಕ್ಕೆ ಮೂತಿ ಇಟ್ಟು, ತುಟಿಯನ್ನು ಮುಂದಕ್ಕೆ ಚಾಚಿ, ಕೆಸರು, ಹರಳು, ಹುಳು, ಬೀಜ ಎಲ್ಲವನ್ನೂ ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಗುಳಿನಲ್ಲಿ ರುಚಿಯ ಮೊಗ್ಗುಗಳು ದಟ್ಟವಾಗಿ ತುಂಬಿದ ಮೆತ್ತನೆಯ ಭಾಗವೊಂದಿದೆ. ತಿನ್ನಲು ತಕ್ಕದ್ದನ್ನು ಅದು ಒತ್ತಿ ಹಿಡಿದುಕೊಳ್ಳುತ್ತದೆ, ಉಳಿದದ್ದು ಹೊರಕ್ಕೆ. ಎಳೆದುಕೊಂಡು, ಆರಿಸಿ, ಉಗುಳುವ ಈ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಗಾಳ ಸಿಕ್ಕಿಸಿದ ಎರೆಯೂ ಹೀಗೆಯೇ ಬಾಯೊಳಗೆ ಹೋಗಿ ಹೊರಗೆ ಬಂದಿರುತ್ತದೆ. ದಡದಲ್ಲಿ ಕೋಲು ಹಿಡಿದು ಕೂತವನಿಗೆ ಅದರ ಸುಳಿವೂ ಸಿಗುವುದಿಲ್ಲ.

ಗೆಂಡೆಗೆ ಗಾಳ ಹಾಕುವ ಕಸುಬು ಪೂರ್ತಿಯಾಗಿ ಈ ಬಾಯಿಯ ಸುತ್ತ ಬೆಳೆದದ್ದು. ಯಾವ ಗಾಳ, ಯಾವ ದಾರ, ಎಷ್ಟು ಭಾರದ ಸೀಸ, ಯಾವ ಎರೆ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಒಳಗೆ ಹೋದದ್ದು ಹೊರಗೆ ಬರುವಾಗ ಏನಾಗುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಇಂಗ್ಲೆಂಡಿನ ಹವ್ಯಾಸಿ ಗಾಳಗಾರರಿಗೆ ದೊಡ್ಡ ಸ್ಥಾನವಿದೆ. ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಜನ ಅವರು. ಊಟಕ್ಕಲ್ಲದ ಮೀನಿಗಾಗಿ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ನಮ್ಮ ಕರಾವಳಿಯವರು ಕೇಳಬಹುದು. ಆದರೆ ಒಂದು ಜೀವಿಯನ್ನು ಇಷ್ಟು ಹತ್ತಿರದಿಂದ ಓದಿದ ಹವ್ಯಾಸಗಳು ಕಡಿಮೆ.

ಗೆಂಡೆ ಇಂಗ್ಲೆಂಡಿನ ಮೂಲ ಮೀನಲ್ಲ. ಮಧ್ಯಯುಗದ ಕೊನೆಯ ಹೊತ್ತಿಗೆ ಯೂರೋಪಿನಿಂದ ಅಲ್ಲಿನ ಕೊಳಗಳಿಗೆ ಬಂತು. 1496ರಲ್ಲಿ ಅಚ್ಚಾದ ಗಾಳದ ಕೈಪಿಡಿಯೊಂದರಲ್ಲೇ ಅದರ ಪ್ರಸ್ತಾಪವಿದೆ. ಅಲ್ಲಿಂದ ಶತಮಾನಗಳ ಕಾಲ ದೊಡ್ಡ ಗೆಂಡೆ ಗಾಳಕ್ಕೆ ಸಿಗುವ ಮೀನೇ ಅಲ್ಲ ಎಂಬ ಮಾತು ಬಲವಾಗಿತ್ತು. ಎಳೆದರೂ ದಾರ ಹರಿದುಕೊಂಡು ಹೋಗುತ್ತದೆ, ಹೆಚ್ಚಿನ ಸಲ ಎರೆಯನ್ನೇ ಮುಟ್ಟುವುದಿಲ್ಲ ಎನ್ನುತ್ತಿದ್ದರು.

ಆ ನಂಬಿಕೆ ಮುರಿದದ್ದು ಹೆರಫರ್ಡ್‌ಶೈರ್‌ನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ. ಮೂರು ಎಕರೆಯಷ್ಟೇ ಇರುವ ಆ ಕೊಳಕ್ಕೆ 1934ರಲ್ಲಿ 50 ಗೆಂಡೆ ಮರಿಗಳನ್ನು ಬಿಟ್ಟಿದ್ದರು. 1952ರ ಸೆಪ್ಟೆಂಬರ್ 13ರಂದು ರಿಚರ್ಡ್ ವಾಕರ್ ಅಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಕದ ಗೆಂಡೆಯನ್ನು ದಡಕ್ಕೆ ತಂದರು. ಜೀವಂತವಾಗಿ ಲಂಡನ್ ಮೃಗಾಲಯಕ್ಕೆ ಹೋದ ಆ ಮೀನು 'ಕ್ಲಾರಿಸಾ' ಎಂಬ ಹೆಸರಿನಲ್ಲಿ 1971ರವರೆಗೂ ಬದುಕಿತ್ತು. ವಾಕರ್ ವೃತ್ತಿಯಿಂದ ಇಂಜಿನಿಯರ್. ಮೀನು ದಾರ ಎಳೆದರೆ ಸದ್ದು ಮಾಡುವ ವಿದ್ಯುತ್ ಎಚ್ಚರಿಕೆ ಗಂಟೆಯನ್ನು ರೂಪಿಸಿದವರೂ, ಗೆಂಡೆಗೆಂದೇ ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡುವ ಕೋಲನ್ನು ತಿದ್ದಿದವರೂ ಅವರೇ. ಅವರ ಎರೆ ಮಾತ್ರ ಬರೀ ಬ್ರೆಡ್. ನಾದಿದ ಬ್ರೆಡ್ಡು ಮುಳುಗುತ್ತದೆ, ಅದರ ಗಟ್ಟಿ ಸಿಪ್ಪೆ ತೇಲುತ್ತದೆ. ಎರಡನ್ನೂ ಹದವಾಗಿ ಸೇರಿಸಿ, ತಳದ ಪಾಚಿಯ ಮೇಲೆ ಹಗುರವಾಗಿ ಕೂರುವಂತೆ ಮಾಡುತ್ತಿದ್ದರು. ಎರೆಯ ರುಚಿಯಷ್ಟೇ ಅದು ನೀರಿನಲ್ಲಿ ಕೂರುವ ರೀತಿಯೂ ಮುಖ್ಯ ಎಂಬ ತಿಳಿವಳಿಕೆ ಅಲ್ಲಿತ್ತು. ಅದೇ ರೆಡ್‌ಮೈರ್‌ನಲ್ಲಿ 1980ರಲ್ಲಿ ಕ್ರಿಸ್ ಯೇಟ್ಸ್ ಐವತ್ತೊಂದೂವರೆ ಪೌಂಡಿನ ಗೆಂಡೆ ಹಿಡಿದು ವಾಕರ್ ಅವರ ಮೀನಿನ ತೂಕವನ್ನು ದಾಟಿದರು. ಅವರ ಎರೆ ಸಿಹಿ ಜೋಳದ ಕಾಳು.

ವಾಕರ್ ಅವರ ಮೀನಿನ ನಂತರವೂ ಬಹುಕಾಲ ಗಾಳವನ್ನು ಎರೆಯೊಳಗೆ ಹೂತಿಡುವ ಹಳೆಯ ಪದ್ಧತಿ ಬದಲಾಗಿರಲಿಲ್ಲ. ಮೀನಿಗೆ ಗಾಳ ಕಾಣಬಾರದು ಎಂಬ ತರ್ಕ ಯಾರಿಗೂ ಸಹಜವೇ. 1970ರ ದಶಕದ ಕೊನೆಯಲ್ಲಿ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಈ ತರ್ಕವನ್ನು ತಲೆಕೆಳಗು ಮಾಡಿದರು. ತೊಟ್ಟಿಯಲ್ಲಿದ್ದ ಗೆಂಡೆಗಳು ತಿನ್ನುವುದನ್ನು ಗಮನಿಸಿದಾಗ, ಗಾಳವಿದ್ದ ಎರೆ ಬಾಯಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ, ಮೀನು ಅದನ್ನು ಗುರುತಿಸಿ ಉಗುಳುತ್ತದೆ ಎಂಬುದು ತಿಳಿಯಿತು. ಅವರು ಗಾಳವನ್ನು ಪೂರ್ತಿ ಬರಿದಾಗಿ ಬಿಟ್ಟು, ಅದರ ಬಾಗಿನಿಂದ ಮನುಷ್ಯನ ತಲೆಗೂದಲೊಂದನ್ನು ಇಳಿಬಿಟ್ಟು, ಆ ಕೂದಲಿನ ತುದಿಗೆ ಎರೆ ಕಟ್ಟಿದರು. ಈಗ ಎರೆ ಸ್ವತಂತ್ರ. ಮೀನು ಅದನ್ನು ಎಳೆದುಕೊಂಡಾಗ ಬರಿ ಗಾಳವೂ ಹಿಂದೆಯೇ ಒಳಗೆ ಹೋಗುತ್ತದೆ. ಉಗುಳುವಾಗ ಎರೆ ಹೊರಬಂದರೂ ಮೊನೆ ಕೆಳತುಟಿಗೆ ತಗಲುತ್ತದೆ. ಗೆಂಡೆಯ ಉಗುಳುವ ಅಭ್ಯಾಸವೇ ಅದನ್ನು ಹಿಡಿದುಕೊಟ್ಟಿತು. ಕೆಲಕಾಲ ಗುಟ್ಟಾಗಿದ್ದ ಈ ಕಟ್ಟು 1980ರ ದಶಕದ ಆರಂಭದಲ್ಲಿ ಎಲ್ಲರಿಗೂ ಗೊತ್ತಾಯಿತು. ಹೇರ್ ರಿಗ್, ಅಂದರೆ ಕೂದಲಿನ ಕಟ್ಟು, ಎಂಬ ಹೆಸರು ನಿಂತಿತು. ಕೂದಲಿನ ಜಾಗಕ್ಕೆ ಈಗ ಗಾಳದ ದಾರದ್ದೇ ಬಾಲ ಬಂದಿದೆ. ಈ ಹವ್ಯಾಸದಲ್ಲಿ ನೂರಾರು ವರ್ಷಗಳಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಇದರ ನಂತರ ಬಂದ ಹತ್ತಾರು ರಿಗ್‌ಗಳೂ ಬಹುಮಟ್ಟಿಗೆ ಇದರ ಮರಿಗಳೇ.

ಹೇರ್ ರಿಗ್ಗಿನ ಜೊತೆಗಾರ ಭಾರದ ಸೀಸ. ಮೊದಲು ಮೀನಿಗೆ ಅನುಮಾನ ಬಾರದಿರಲೆಂದು ಸೀಸವನ್ನು ಆದಷ್ಟು ಹಗುರವಾಗಿಡುತ್ತಿದ್ದರು. ಈಗ ಬೇಕೆಂದೇ 60ರಿಂದ 90 ಗ್ರಾಮಿನ ಸೀಸವನ್ನು ಗಾಳದ ಹತ್ತಿರವೇ ಬಿಗಿಯುತ್ತಾರೆ. ಮೊನೆ ತುಟಿಗೆ ತಾಕಿದ ಮೀನು ಗಾಬರಿಯಿಂದ ಓಡಿದಾಗ ಆ ಭಾರಕ್ಕೆ ಸಿಕ್ಕಿ ಗಾಳ ತಾನಾಗಿ ಆಳಕ್ಕೆ ಇಳಿಯುತ್ತದೆ. ಕೋಲು ಎತ್ತಿ ಜಗ್ಗುವ ಅಗತ್ಯವೇ ಇಲ್ಲ.

ಗಾಳದ ಆಯ್ಕೆಗೆ ಬರೋಣ. ಅಂಕೆ ದೊಡ್ಡದಾದಷ್ಟೂ ಗಾಳ ಸಣ್ಣದು. ಗೆಂಡೆಗೆ ಸಾಮಾನ್ಯವಾಗಿ 4ರಿಂದ 8ರ ಒಳಗಿನ ಅಳತೆ ಸಾಕು. 15 ಮಿ.ಮೀ. ಎರೆಯ ಉಂಡೆಗೆ 6ನೇ ನಂಬರು, 18ರಿಂದ 20 ಮಿ.ಮೀ. ಉಂಡೆಗೆ 4ನೇ ನಂಬರು ಹೊಂದುತ್ತದೆ. ಗಾಳದ ಕಣ್ಣು ಒಳಕ್ಕೆ ಬಾಗಿದ್ದರೆ ಮೆತ್ತನೆಯ ಹೆಣೆದ ದಾರಕ್ಕೆ ಒಳ್ಳೆಯದು, ಹೊರಕ್ಕೆ ಬಾಗಿದ್ದರೆ ಬಿರುಸಾದ ದಾರಕ್ಕೆ. ಇದು ಸಣ್ಣ ವಿಷಯವಲ್ಲ. ಬಿರುಸು ದಾರವನ್ನು ಒಳಬಾಗಿದ ಕಣ್ಣಿಗೆ ಕಟ್ಟಿದರೆ ಮೊನೆ ತಿರುಗಬೇಕಾದ ಕಡೆ ತಿರುಗುವುದಿಲ್ಲ. ಕಟ್ಟುವ ಗಂಟು ಮಾತ್ರ ಸರಳ. ದಾರದ ಒಂದು ತುದಿಗೆ ಎರೆ ಸಿಕ್ಕಿಸಲು ಪುಟ್ಟ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಕಣ್ಣಿನಲ್ಲಿ ಹಿಂಬದಿಯಿಂದ ತೂರಿಸಿ, ಗಾಳದ ಕಾಲಿಗೆ ಏಳೆಂಟು ಸುತ್ತು ಸುತ್ತಿ, ಮತ್ತೆ ಅದೇ ಕಣ್ಣಿನಲ್ಲಿ ಹಿಂದಿನಿಂದಲೇ ಹೊರತೆಗೆದು ಬಿಗಿದರೆ ಆಯಿತು. ಎರೆಗೂ ಗಾಳದ ಬಾಗಿಗೂ ನಡುವೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಇರಲಿ. ಬಾಲ ತೀರಾ ಗಿಡ್ಡವಾದರೆ ಎರೆ ಮೊನೆಗೆ ಅಡ್ಡ ಬರುತ್ತದೆ. ತೀರಾ ಉದ್ದವಾದರೆ ಗಾಳ ಬಾಯೊಳಗೆ ಹೋಗುವ ಮೊದಲೇ ಎರೆ ಹೊರಬಿದ್ದಿರುತ್ತದೆ.

ಇದೆಲ್ಲಕ್ಕಿಂತ ಮೇಲಿನದು ಮೊನೆಯ ಹರಿತ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಬೇಕು. ಜಾರಿದರೆ ಅದು ಕೆಲಸಕ್ಕೆ ಬಾರದು. ಗಾಳ ಸಿಕ್ಕುವ ಕೆಲಸವನ್ನು ಮೀನೇ ಮಾಡಿಕೊಳ್ಳುವ ಈ ಪದ್ಧತಿಯಲ್ಲಿ ಮೊಂಡು ಮೊನೆಗೆ ಕ್ಷಮೆಯಿಲ್ಲ. ಹರಳುಕಲ್ಲಿನ ತಳದಲ್ಲಿ ಒಮ್ಮೆ ಎಳೆದ ಗಾಳವನ್ನು ಮತ್ತೆ ಪರೀಕ್ಷಿಸದೆ ಎಸೆಯಬಾರದು.

ಇನ್ನು ರಿಗ್ ಯಾವುದು ಎಂಬುದನ್ನು ನಿರ್ಧರಿಸುವುದು ಕೆರೆಯ ತಳ. ಅನುಭವಿಗಳು ಮೊದಲು ಗಾಳವಿಲ್ಲದೆ ಬರಿ ಸೀಸವನ್ನು ಎಸೆದು ನಿಧಾನವಾಗಿ ಎಳೆಯುತ್ತಾರೆ. ಕೋಲಿನ ತುದಿಗೆ ಟಕಟಕ ಎಂದು ಬಡಿದರೆ ಹರಳು. ನುಣ್ಣಗೆ, ಭಾರವಾಗಿ ಬಂದರೆ ಕೆಸರು. ತಡೆದು ತಡೆದು ಕಿತ್ತು ಬಂದರೆ ಪಾಚಿ. ಹರಳಿನ ಮೇಲೆ ಮುಳುಗುವ ಎರೆಯ ಸಾದಾ ಹೇರ್ ರಿಗ್ ಸಾಕು. ಕೆಸರಿನಲ್ಲಿ ಸೀಸ ಹೂತುಹೋಗಿ ಎರೆಯನ್ನೂ ಎಳೆದುಕೊಳ್ಳುವುದರಿಂದ ಗಾಳದ ದಾರ ಉದ್ದವಿರಬೇಕು. ಪಾಚಿಯಿದ್ದಲ್ಲಿ ತೇಲುವ ಉಂಡೆ ಕಟ್ಟುತ್ತಾರೆ. ಚಾಡ್ ರಿಗ್ ಎಂಬುದು ಇಂಥ ಜಾಗಕ್ಕೇ ಹುಟ್ಟಿದ್ದು: ಬಾಗಿಸಿದ ಗಿಡ್ಡ ಬಿರುಸು ದಾರ, ಅದರ ಮೇಲೆ ತೇಲುವ ಎರೆ, ಎರಡೂ ಪಾಚಿಯ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತವೆ. ಬಿಸಿಲಿಗೆ ಗೆಂಡೆಗಳು ನಡುನೀರಿಗೆ ಏರಿದರೆ ತಳದಲ್ಲಿ ಏನಿಟ್ಟರೂ ಪ್ರಯೋಜನವಿಲ್ಲ. ಆಗ ಜಿಗ್ ರಿಗ್. ಒಂದು ಚೂರು ಫೋಮನ್ನು ಉದ್ದ ದಾರದಲ್ಲಿ ತೇಲಿಬಿಟ್ಟು ಮೀನಿರುವ ಎತ್ತರಕ್ಕೆ ನಿಲ್ಲಿಸುತ್ತಾರೆ. ಅಂಗಡಿಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಬಗೆಗಳಿವೆ. ಅವುಗಳಲ್ಲಿ ಬಹಳಷ್ಟು ಇಲ್ಲದೆಯೂ ನಡೆಯುತ್ತದೆ. ತಳವನ್ನು ಓದದೆ ರಿಗ್ ಕೊಳ್ಳುವುದು ಹಣ ವ್ಯರ್ಥ.

ಎರೆಯ ಕಥೆ ಇನ್ನೂ ರುಚಿಕರ. ಅರೆಬೆಂದ ಆಲೂಗಡ್ಡೆ, ಎರೆಹುಳು, ಬ್ರೆಡ್ಡು ಹಳೆಯ ಕಾಲದವು. ಹಿಟ್ಟಿನ ಎರೆಗೆ ಸಣ್ಣ ಮೀನುಗಳ ಕಾಟವಿತ್ತು. ಗೆಂಡೆ ಬರುವಷ್ಟರಲ್ಲಿ ಅವು ಕುಟುಕಿ ಮುಗಿಸುತ್ತಿದ್ದವು. 1960ರ ದಶಕದ ಕೊನೆಯಿಂದ ಫ್ರೆಡ್ ವಿಲ್ಟನ್ ಎಂಬವರು ಬೇರೊಂದು ದಿಕ್ಕಿನಲ್ಲಿ ಯೋಚಿಸಿದರು. ಮೀನಿಗೆ ನಿಜವಾದ ಪೋಷಣೆ ಕೊಡುವ ಎರೆಯನ್ನು ಅದು ಗುರುತಿಸಿ, ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತದೆ ಎಂಬುದು ಅವರ ನಂಬಿಕೆ. ಅದಕ್ಕಾಗಿ ಹಾಲಿನ ಪ್ರೋಟೀನಾದ ಕೇಸೀನನ್ನು ಬಳಸಿದರು. ಹಿಟ್ಟಿಗೆ ಮೊಟ್ಟೆ ಸೇರಿಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಿ ತೆಗೆದರೆ ಮೇಲೊಂದು ಗಟ್ಟಿ ಪದರ ಮೂಡುತ್ತದೆ, ಸಣ್ಣ ಮೀನುಗಳು ಸೋಲುತ್ತವೆ. ಇದೇ ಬಾಯ್ಲಿ. ಇಂದು ಕಾರ್ಖಾನೆಗಳಲ್ಲಿ ತಯಾರಾಗುವ ಇದರ ಮೂಲ ಮಿಶ್ರಣ ನಮ್ಮ ಅಡುಗೆಮನೆಗೆ ಅಪರಿಚಿತವೇನಲ್ಲ: ಸಮಭಾಗ ರವೆ ಮತ್ತು ಸೋಯಾ ಹಿಟ್ಟು, ಕಲಸಲು ಹಿಡಿಯುವಷ್ಟು ಮೊಟ್ಟೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ, ಆಮೇಲೆ ಬಟ್ಟೆಯ ಮೇಲೆ ಹರಡಿ ಒಣಗಿಸುವುದು. ಬೇಸಿಗೆಯಲ್ಲಿ ಮೀನಿನ ಪುಡಿ, ಎಣ್ಣೆ ಸೇರಿಸುತ್ತಾರೆ. ಚಳಿಗಾಲದ ತಣ್ಣೀರಿನಲ್ಲಿ ಎಣ್ಣೆ ಗಟ್ಟಿಯಾಗಿ ವಾಸನೆ ಹರಡುವುದಿಲ್ಲ, ಮೀನಿನ ಹಸಿವೂ ಇಳಿದಿರುತ್ತದೆ. ಆಗ ರಾಶಿ ಎರೆ ಸುರಿಯುವ ಬದಲು ಕಣ್ಣಿಗೆ ಬೀಳುವ ಬಣ್ಣದ ಒಂದೇ ಉಂಡೆ ಲೇಸು.

ಕಾಳುಗಳೂ ಒಳ್ಳೆಯ ಎರೆ. ಮೆಕ್ಕೆಜೋಳ, ಕಾಬೂಲಿ ಕಡಲೆ, ಟೈಗರ್ ನಟ್ ಎಂಬ ಗೆಡ್ಡೆ. ಟೈಗರ್ ನಟ್ಟನ್ನು ಇಡೀ ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ಹಾಕಬೇಕು. ನೆನೆಯದ ಕಾಳು ಮೀನಿನ ಹೊಟ್ಟೆಯೊಳಗೆ ಉಬ್ಬುತ್ತದೆ. 2009ರಲ್ಲಿ ಇಂಗ್ಲೆಂಡಿನ ಬ್ಲೂಬೆಲ್ ಕೊಳಗಳಲ್ಲಿ 'ಬೆನ್ಸನ್' ಎಂಬ ಹೆಸರುವಾಸಿ ಗೆಂಡೆ ಸತ್ತು ತೇಲಿದಾಗ ಮೊದಲ ಅನುಮಾನ ಬಿದ್ದದ್ದು ಬೇಯಿಸದ ಟೈಗರ್ ನಟ್‌ಗಳ ಮೇಲೆ. ಅರವತ್ತು ಪೌಂಡಿಗೂ ಮೀರಿ ಬೆಳೆದಿದ್ದ, ಹತ್ತಾರು ಜನರ ಕೈಗೆ ಸಿಕ್ಕಿ ಮತ್ತೆ ನೀರಿಗೆ ಮರಳಿದ್ದ ಮೀನು ಅದು. ಪತ್ರಿಕೆಗಳು ಅದರ ಸಾವನ್ನು ಸುದ್ದಿ ಮಾಡಿದವು. ಹುರುಪೆಯ ವಿನ್ಯಾಸ ನೋಡಿ ಒಂದೊಂದು ಗೆಂಡೆಯನ್ನೂ ಗುರುತು ಹಿಡಿಯುವ ಜನರಿಗೆ ಅದು ಆಪ್ತರ ಸಾವೇ ಆಗಿತ್ತು. ಆ ದುಃಖ ನನಗೆ ಅರ್ಥವಾಗುತ್ತದೆ.

ಉಂಡೆ ಬೇಯಿಸಿ ಗಾಳಕ್ಕೆ ಕಟ್ಟುವುದು ಕನ್ನಡನಾಡಿಗೆ ಹೊಸದಲ್ಲ. ಕಾವೇರಿಯ ಮಹಶೀರ್ ಗೆಂಡೆಯ ಕುಲದ್ದೇ. ಅದಕ್ಕೂ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇವೆ. ಭೀಮೇಶ್ವರಿ, ಗಾಳಿಬೋರೆಗಳ ಮಡುಗಳಲ್ಲಿ ಅದಕ್ಕೆ ಹಾಕುತ್ತಿದ್ದ ಎರೆ ರಾಗಿ ಹಿಟ್ಟಿನದು. ಬೇಯಿಸಿ, ನಾದಿ, ಕೈತುಂಬ ಉಂಡೆ ಕಟ್ಟಿ, ದೊಡ್ಡ ಗಾಳವನ್ನು ಅದರೊಳಗೆ ಹುದುಗಿಸಿ ಸೆಳವಿಗೆ ಎಸೆಯುತ್ತಿದ್ದರು. ಜಗತ್ತಿನ ನಾನಾ ಕಡೆಯಿಂದ ಬಂದ ಗಾಳಗಾರರಿಗೆ ಸ್ಥಳೀಯ ಸಹಾಯಕರು ಕಟ್ಟಿಕೊಡುತ್ತಿದ್ದುದು ಈ ರಾಗಿ ಉಂಡೆಯನ್ನೇ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ಜಗತ್ತಿನ ಗಾಳಗಾರರ ನೆನಪಿನಲ್ಲಿದೆ. ಈಗ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತಿದೆ. ಅಲ್ಲಿನ ಬೆನ್ನುಬ್ಬಿದ ಮಹಶೀರ್ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿದೆ. ಅದಕ್ಕೆ ಎರೆ ಕಟ್ಟುವ ಕೈಗಳಿಗಿಂತ ಹರಿಯುವ ನೀರು ಹೆಚ್ಚು ಬೇಕಾಗಿದೆ.

ಸಾಮಾನ್ಯ ಗೆಂಡೆಗೆ ಆ ಸಂಕಟವಿಲ್ಲ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂದು, ಆಮೇಲೆ ನಮ್ಮ ಕೆರೆಗಳಲ್ಲೂ ನೆಲೆಸಿದೆ. ಅನುಮತಿಯಿರುವ ಕೆರೆಯಲ್ಲಿ ಹೊಸದಾಗಿ ಕೂರುವವರಿಗೆ ಒಂದೇ ರಿಗ್, ಒಂದೇ ಎರೆ ಸಾಕು: 6ನೇ ನಂಬರಿನ ಹರಿತ ಗಾಳ, ಗೇಣುದ್ದದ ಹೆಣೆದ ದಾರ, ಬಾಲಕ್ಕೆ ಬೇಯಿಸಿದ ಮೆಕ್ಕೆಜೋಳದ ಎರಡು ಮೂರು ಕಾಳು, ಸುತ್ತ ಇನ್ನೊಂದು ಹಿಡಿ. ಮೀನನ್ನು ನೀರಿಗೆ ಮರಳಿಸುವ ಮನಸ್ಸಿದ್ದರೆ ಹಿಮ್ಮುಖ ಮುಳ್ಳಿಲ್ಲದ ಗಾಳ ಆರಿಸಿ. ಬ್ರಿಟನ್ನಿನ ಎಷ್ಟೋ ಕೊಳಗಳಲ್ಲಿ ಅದೇ ನಿಯಮ. ಮೀನನ್ನು ಒಣ ನೆಲದ ಮೇಲೆ ಮಲಗಿಸದೆ ಒದ್ದೆ ಮಾಡಿದ ಮೆತ್ತೆಯ ಮೇಲೆ ಇಟ್ಟು ಗಾಳ ಬಿಡಿಸಬೇಕು. ಇನ್ನೊಂದು ವಿಷಯವನ್ನು ಗಾಳ ಎಸೆಯುವ ಮೊದಲೇ ನೋಡಿಕೊಳ್ಳಬೇಕು. ದಾರ ತುಂಡಾದರೆ ಸೀಸ ತಾನಾಗಿ ಕಳಚಿ ಬೀಳುವಂತಿರಬೇಕು, ಇಲ್ಲವಾದರೆ ಮೀನು ಆ ಭಾರವನ್ನು ಎಳೆದುಕೊಂಡೇ ಪಾಚಿಯಲ್ಲಿ ಸಿಕ್ಕಿ ಸಾಯುತ್ತದೆ. ಸೀಸವನ್ನು ಕೈಯಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡಿ. ಸ್ವಲ್ಪ ಬಲಕ್ಕೇ ಕಳಚಿಕೊಳ್ಳದಿದ್ದರೆ ಆ ರಿಗ್ಗನ್ನು ನೀರಿಗೆ ಹಾಕಬೇಡಿ.