ಜೇನಿನ ಎದೆಯೊಳಗಿನ ಮೋಟಾರು

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಜೇನುಹುಳುಗಳಿಗೂ ಗೃಹಬಂಧನ. ಹೂ ವಿರಳ, ಹಾರಲು ಬಿಡುವಿಲ್ಲ. ಆದರೂ ಕಾಫಿ ತೋಟದ ಪೆಟ್ಟಿಗೆಯೊಳಗೆ ತುಡುವೆ ಜೇನುಗಳು ಮರಿಹುಳುಗಳಿರುವ ಎರಿಯನ್ನು 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿಡುತ್ತವೆ. ಒಲೆ ಎಲ್ಲಿದೆ ಗೊತ್ತೆ? ಅವುಗಳ ಎದೆಯಲ್ಲಿ. ಹಾರಾಟದ ಸ್ನಾಯುಗಳನ್ನೇ, ರೆಕ್ಕೆ ಬಡಿಯದೆ, ದುಡಿಸಿ ಅವು ಶಾಖ ಹುಟ್ಟಿಸುತ್ತವೆ.

ಆ ಸ್ನಾಯುವಿನ ಎಳೆಎಳೆಯಲ್ಲೂ ಮಯೊಸಿನ್ ಎಂಬ ಪ್ರೋಟೀನಿನ ಲೆಕ್ಕವಿಲ್ಲದಷ್ಟು ಮೋಟಾರುಗಳಿವೆ. ಒಂದೊಂದೂ ಪಕ್ಕದ ಆಕ್ಟಿನ್ ಹುರಿಯನ್ನು ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ. ಒಂದು ಎಳೆತಕ್ಕೆ ಹುರಿ ಸರಿಯುವುದು ಹೆಚ್ಚೆಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು! ಜೀಪಿನ ಎಂಜಿನ್ನಿನಂತೆ ಇಲ್ಲಿ ಗಟ್ಟಿ ಪಿಸ್ಟನ್ ಇಲ್ಲ. ಎಲ್ಲವೂ ಮೃದು. ಸುತ್ತಲಿನ ನೀರಿನ ಅಣುಗಳು ಪುರುಸೊತ್ತಿಲ್ಲದೆ ಗುದ್ದುತ್ತಿರುತ್ತವೆ. ಆ ಅಲುಗಾಟದಲ್ಲೇ ಮಯೊಸಿನ್ ಹುರಿಯ ಮೇಲೆ ಹಿಡಿತ ಹುಡುಕುತ್ತದೆ. ಎ.ಟಿ.ಪಿ. ಎಂಬ ಇಂಧನದ ಅಣು ಒಡೆದು ಬರುವ ಶಕ್ತಿ ಈ ಗೊಂದಲಕ್ಕೊಂದು ದಿಕ್ಕು ಕೊಡುತ್ತದೆ. ಸಂತೆಯ ನೂಕುನುಗ್ಗಲಲ್ಲಿ, ಮುಂದಕ್ಕೆ ತಳ್ಳಿದಾಗ ಮಾತ್ರ ಹೆಜ್ಜೆ ಊರಿದಂತೆ.

ಎ.ಟಿ.ಪಿ. ತಯಾರಿಸುವುದೂ ಒಂದು ಮೋಟಾರೇ, ಗಿರಗಿರ ತಿರುಗುವಂಥದ್ದು. ಅದರ ಗುಟ್ಟು ಬಿಡಿಸಿದ ಪಾಲ್ ಬೋಯರ್, ಜಾನ್ ವಾಕರ್ 1997ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅದು ತಿರುಗಲು ಸಕ್ಕರೆ ಬೇಕು. ಮಳೆಗಾಲದ ಜೇನಿಗೆ ಅದು ಸಿಗುವುದು ಕೂಡಿಟ್ಟ ತುಪ್ಪದಿಂದ.

ಅದಕ್ಕೇ ಅನುಭವಿ ಸಾಕಣೆದಾರರು ಮಳೆಗೆ ಮುನ್ನ ತುಪ್ಪವನ್ನೆಲ್ಲ ತೆಗೆಯುವುದಿಲ್ಲ. ಸಾಲದಿದ್ದರೆ ಸಕ್ಕರೆ ಪಾಕ ಇಡುತ್ತಾರೆ. ಅದೂ ತಪ್ಪಿದರೆ ಮರಿಗಳ ಎರಿ ತಣ್ಣಗಾಗುತ್ತದೆ. ಎ.ಟಿ.ಪಿ. ಪೂರ್ತಿ ಬತ್ತಿದಾಗ, ಹಿಡಿದ ಹುರಿಯನ್ನು ಬಿಡಲೂ ಆಗದೆ ಮಯೊಸಿನ್ ಅಲ್ಲೇ ಸೆಟೆದು ನಿಲ್ಲುತ್ತದೆ.