ತೂಕದ ತಕ್ಕಡಿಯೂ ಮೂತ್ರಪಿಂಡದ ದಾನವೂ

ಮೈಕೈ ತುಂಬಿಕೊಂಡಿರುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದಲೂ ಶುಭಲಕ್ಷಣವೆಂದೇ ಎಣಿಸಲ್ಪಟ್ಟಿದೆ. ಪರಸ್ಥಳದಿಂದ ಬಂದ ಮಗನನ್ನು ಕಂಡೊಡನೆ ತಾಯಿಯು ಮೊದಲು ಆಡುವ ಮಾತು 'ಎಷ್ಟು ಸೊರಗಿಹೋಗಿದ್ದೀಯಪ್ಪ' ಎಂಬುದೇ ಅಲ್ಲವೆ? ಇತ್ತ ಸ್ಥೂಲಕಾಯರನ್ನು ಕಂಡು ಪರಿಹಾಸ್ಯ ಮಾಡುವುದೂ ನಮ್ಮಲ್ಲಿ ಕಡಮೆಯೇನಿಲ್ಲ. ಹೀಗೆ ಹೊಗಳಿಕೆಗೂ ನಗೆಗೂ ನಡುವೆ ಸಿಕ್ಕಿರುವ ದೇಹದ ತೂಕವು ಒಂದೊಂದು ಸಂದರ್ಭದಲ್ಲಿ ಬದುಕು ಸಾವುಗಳ ಪ್ರಶ್ನೆಯಾಗಿ ಎದುರು ನಿಲ್ಲುವುದುಂಟು. ಎರಡು ಮೂತ್ರಪಿಂಡಗಳೂ ಕೆಟ್ಟು, ಬೇರೊಬ್ಬರು ಕೊಡುವ ಮೂತ್ರಪಿಂಡಕ್ಕಾಗಿ ಕಾದು ಕುಳಿತ ರೋಗಿಗೆ, 'ನಿಮ್ಮ ತೂಕ ಹೆಚ್ಚಾಗಿದೆ. ಇಳಿಸಿಕೊಂಡು ಬನ್ನಿ' ಎಂದು ವೈದ್ಯರು ಹೇಳುವ ಸಂದರ್ಭವು ಅಂತಹುದು. ಆ ಮಾತಿನಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ವಾಚಕರೊಡನೆ ಕುಳಿತು ವಿಚಾರಮಾಡುವುದೇ ನಮ್ಮ ಈ ಲೇಖನದ ಉದ್ದೇಶ.

ಮೊದಲು ಮೂತ್ರಪಿಂಡಗಳ ಕೆಲಸವನ್ನು ಸ್ವಲ್ಪ ತಿಳಿಯೋಣ. ಬೆನ್ನುಮೂಳೆಯ ಎಡಬಲಗಳಲ್ಲಿ, ಅವರೆಬೀಜದ ಆಕಾರದಲ್ಲಿರುವ ಈ ಅಂಗಗಳು ಒಂದೊಂದೂ ಸುಮಾರು 150 ಗ್ರಾಂ ತೂಗುತ್ತವೆ. ಒಂದೊಂದರಲ್ಲಿಯೂ ಹೆಚ್ಚು ಕಡಮೆ 10 ಲಕ್ಷ ಸೂಕ್ಷ್ಮ ಶೋಧಕಗಳಿರುತ್ತವೆ. ಇವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರು ದ್ರವವನ್ನು ಸೋಸಿ, ದೇಹಕ್ಕೆ ಬೇಕಾದುದೆಲ್ಲವನ್ನೂ ರಕ್ತಕ್ಕೆ ಹಿಂದಿರುಗಿಸಿ, ಉಳಿದ ಒಂದೂವರೆ ಲೀಟರಿನಷ್ಟನ್ನು ಕಶ್ಮಲದೊಡನೆ ಮೂತ್ರರೂಪವಾಗಿ ಹೊರಗೆ ಕಳುಹಿಸುತ್ತವೆ. ದೇಹವು ಬೊಜ್ಜಿನಿಂದ ಹಿಗ್ಗಿದಂತೆಲ್ಲಾ ಈ ಶೋಧಕಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಶಕ್ತಿ ಮೀರಿ ದುಡಿದು ಅವು ಸವೆಯುತ್ತವೆ. ಬೊಜ್ಜಿನ ಬೆನ್ನುಹಿಡಿದು ಬರುವ ಸಕ್ಕರೆಕಾಯಿಲೆಯೂ ರಕ್ತದೊತ್ತಡವೂ ಸೇರಿಕೊಂಡರೆ ಕೇಡು ಮತ್ತಷ್ಟು ಬೇಗ ಬರುತ್ತದೆ. 2017ರ ವಿಶ್ವ ಮೂತ್ರಪಿಂಡ ದಿನದಲ್ಲಿ ಸ್ಥೂಲಕಾಯವನ್ನೇ ಮುಖ್ಯ ವಿಷಯವನ್ನಾಗಿ ಇಟ್ಟುಕೊಂಡದ್ದು ಈ ಕಾರಣದಿಂದಲೇ.

ಮೂತ್ರಪಿಂಡಗಳು ಪೂರ್ಣವಾಗಿ ಸೋತವರಿಗೆ ಹಿಂದೆ ಯಾವ ದಾರಿಯೂ ಇರಲಿಲ್ಲ. 1943ರಲ್ಲಿ, ಮಹಾಯುದ್ಧದ ಸಂಕಟದ ನಡುವೆ, ಹಾಲೆಂಡಿನ ವಿಲೆಂ ಕೋಲ್ಫ್ ಎಂಬ ವೈದ್ಯರು ರಕ್ತವನ್ನು ಹೊರಗೆ ತೆಗೆದು ಶುದ್ಧಿಮಾಡುವ ಯಂತ್ರವನ್ನು ರಚಿಸಿದರು. ಅದೇ ಇಂದಿನ ಡಯಾಲಿಸಿಸಿನ ಮೂಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಜೋಡಿಸಿ ಸಫಲರಾದರು. 1990ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು. ತೋಟಗಾರನು ಮಾವಿನ ಗಿಡಕ್ಕೆ ಕಸಿಕಟ್ಟುವಂತೆಯೇ ಇದೂ ಒಂದು ಕಸಿ. ಹೊಸ ಮೂತ್ರಪಿಂಡವನ್ನು ಸಾಮಾನ್ಯವಾಗಿ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಇರಿಸುತ್ತಾರೆ. ಡಯಾಲಿಸಿಸಿನಲ್ಲಿ ರೋಗಿಯು ವಾರಕ್ಕೆ ಮೂರು ಬಾರಿ, ಪ್ರತಿಸಲವೂ ಸುಮಾರು 4 ಗಂಟೆಗಳ ಕಾಲ ಯಂತ್ರಕ್ಕೆ ಕಟ್ಟುಬಿದ್ದಿರಬೇಕು. ಕಸಿಯಾದವನಾದರೋ ದಿನವೂ ಔಷಧ ಸೇವಿಸುತ್ತ ತನ್ನ ಸಂಸಾರ ಉದ್ಯೋಗಗಳಿಗೆ ಹಿಂದಿರುಗಬಲ್ಲನು. ಸಾಮಾನ್ಯವಾಗಿ ಅವನ ಆಯುಸ್ಸೂ ಹೆಚ್ಚು.

ಇನ್ನು ತೂಕದ ಲೆಕ್ಕಕ್ಕೆ ಬರೋಣ. ಕಿಲೋಗ್ರಾಮುಗಳಲ್ಲಿ ಹೇಳಿದ ತೂಕವನ್ನು, ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ದೇಹತೂಕದ ಸೂಚ್ಯಂಕವೆಂದು ಹೆಸರು. ಇದರ ಮೂಲಕರ್ತರು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟಲೆ ಎಂಬ ಗಣಿತಜ್ಞರು. ಈ ಅಂಕಿಯು 30ನ್ನು ಮುಟ್ಟಿದರೆ ಸ್ಥೂಲಕಾಯವೆಂದು ಪಾಶ್ಚಾತ್ಯರು ಎಣಿಸುತ್ತಾರೆ. ನಮ್ಮ ಜನರಲ್ಲಿ ಕಡಮೆ ತೂಕಕ್ಕೇ ಸಕ್ಕರೆಕಾಯಿಲೆ ಬರುವುದರಿಂದ ಭಾರತದ ವೈದ್ಯರು 25ಕ್ಕೇ ಗೆರೆ ಎಳೆದಿದ್ದಾರೆ. 165 ಸೆಂಟಿಮೀಟರು ಎತ್ತರದವರು 95 ಕಿಲೋ ದಾಟಿದರೆ 35ನ್ನೂ, 109 ಕಿಲೋ ತೂಗಿದರೆ 40ನ್ನೂ ಮುಟ್ಟುತ್ತಾರೆ. ಅಮೆರಿಕದ ಅನೇಕ ಆಸ್ಪತ್ರೆಗಳು ಕಸಿಯ ಬಾಗಿಲನ್ನು ಮುಚ್ಚುವುದು ಈ 35 ಅಥವಾ 40ರ ಗೆರೆಯಲ್ಲಿಯೇ.

ಇದರ ಪರಿಣಾಮವೇನೆಂಬುದು 2008ರಲ್ಲಿ ಅಲ್ಲಿ ಪ್ರಕಟವಾದ ಒಂದು ಪರಿಶೀಲನೆಯಿಂದ ತಿಳಿಯಬರುತ್ತದೆ. 1995ರಿಂದ 2006ರ ವರೆಗೆ ಆ ದೇಶದಲ್ಲಿ ಮೂತ್ರಪಿಂಡಕ್ಕಾಗಿ ಹೆಸರು ಬರೆಯಿಸಿದ್ದ 1,32,353 ಮಂದಿಯ ವಿವರಗಳನ್ನು ವಿದ್ವಾಂಸರು ಶೋಧಿಸಿದರು. ವಯಸ್ಸು, ರೋಗ ಮೊದಲಾದ ಇತರ ಭೇದಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ, ಸಾಧಾರಣ ತೂಕದವರಿಗಿಂತ 35ನ್ನು ಮೀರಿದವರಿಗೆ ಕಸಿಯ ಅವಕಾಶವು ಶೇಕಡ 28ರಷ್ಟೂ, 40ನ್ನು ಮೀರಿದವರಿಗೆ ಶೇಕಡ 44ರಷ್ಟೂ ಕಡಮೆಯಾಗಿತ್ತು. ಇವರೆಲ್ಲರೂ ಪಟ್ಟಿಯಲ್ಲಿ ಸೇರಿದ್ದವರೇ ಎಂಬುದನ್ನು ವಾಚಕರು ಗಮನಿಸಬೇಕು. ಪಟ್ಟಿಗೆ ಸೇರಿಸಿಕೊಂಡ ಮೇಲೂ, ಮೂತ್ರಪಿಂಡವು ದೊರೆತು ಸರದಿ ಬಂದಾಗ, ಇವರನ್ನು ದಾಟಿ ಮುಂದಿನವರಿಗೆ ಕೊಡುವುದು ಹೆಚ್ಚಾಗಿ ನಡೆದಿತ್ತು. ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ, ಬಡಿಸುವಾಗ ದಾಟಿಹೋದಂತಾಯಿತು!

ಹಾಗೆಂದು ವೈದ್ಯರನ್ನು ನಿರ್ದಯರೆಂದು ದೂರುವುದು ಸಲ್ಲದು. ಅವರ ಆತಂಕಕ್ಕೆ ಕಾರಣವುಂಟು. ದಪ್ಪನೆಯ ಕೊಬ್ಬಿನ ಪದರದ ಕೆಳಗೆ ರಕ್ತನಾಳಗಳನ್ನು ಜೋಡಿಸುವುದು ಕಷ್ಟ. ಗಾಯವು ಕೀವುಗಟ್ಟುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಹೊಸ ಮೂತ್ರಪಿಂಡವು ಕೆಲಸ ಆರಂಭಿಸಲು ತಡವಾಗುವುದು, ಕಸಿಯ ತರುವಾಯ ಸಕ್ಕರೆಕಾಯಿಲೆ ತಲೆದೋರುವುದು—ಇವೆಲ್ಲವೂ ಸ್ಥೂಲಕಾಯರಲ್ಲಿ ಹೆಚ್ಚು. ದಾನವಾಗಿ ದೊರೆಯುವ ಮೂತ್ರಪಿಂಡಗಳಾದರೋ ಅತ್ಯಲ್ಪ, ಕೇಳುವವರು ಅಸಂಖ್ಯರು. ಇಂತಹ ದುರ್ಲಭ ವಸ್ತುವು ವ್ಯರ್ಥವಾಗಬಾರದೆಂದು ಯೋಚಿಸುವುದು ವಿವೇಕವೇ ಸರಿ.

ಆದರೆ ಪ್ರಶ್ನೆಗೆ ಮತ್ತೊಂದು ಮುಖವಿದೆ. ಕೃಶಕಾಯನಿಗಿಂತ ಸ್ಥೂಲಕಾಯನಿಗೆ ಕಸಿಯಿಂದ ಅಪಾಯ ಹೆಚ್ಚೆ ಎಂದು ಕೇಳಿದರೆ ಹೌದೆನ್ನಬೇಕು. ಅದೇ ಸ್ಥೂಲಕಾಯನಿಗೆ ಕಸಿ ಲೇಸೊ, ಡಯಾಲಿಸಿಸಿನಲ್ಲಿಯೇ ಉಳಿಯುವುದು ಲೇಸೊ ಎಂದು ಕೇಳಿದರೆ, ಸಾಮಾನ್ಯವಾಗಿ ಕಸಿಯೇ ಲೇಸೆಂದು ಉತ್ತರ ಬರುತ್ತದೆ. 40ನ್ನು ಮೀರಿದವರಲ್ಲಿ ಲಾಭವು ಸ್ವಲ್ಪ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ರೋಗಿಯ ದೃಷ್ಟಿಯಿಂದ ಕೇಳತಕ್ಕ ಪ್ರಶ್ನೆಯು ಎರಡನೆಯದೇ ಎಂದು ನಾವು ಭಾವಿಸುತ್ತೇವೆ. ಅಲ್ಲದೆ ಆ ಸೂಚ್ಯಂಕವು ಒರಟು ಅಳತೆ. ಕೊಬ್ಬಾವುದು, ಮಾಂಸಖಂಡವಾವುದು, ದೇಹದಲ್ಲಿ ನಿಂತ ನೀರಾವುದು ಎಂಬುದನ್ನು ತಕ್ಕಡಿಯು ಬಲ್ಲುದೆ? ಮೂತ್ರ ಕಟ್ಟಿ ಬಾತುಕೊಂಡ ರೋಗಿಯಲ್ಲಿ ನೀರೇ ಹಲವು ಕಿಲೋ ತೂಗಬಹುದು. 'ಇಳಿಸಿಕೊಂಡು ಬನ್ನಿ' ಎಂಬುದು ಹೇಳುವುದಕ್ಕೆ ಸುಲಭ. ಡಯಾಲಿಸಿಸ್ ಮುಗಿಸಿ ಬಳಲಿ ಮನೆಗೆ ಬಂದು ಮಲಗುವವನು ಮೈಲಿಗಟ್ಟಲೆ ನಡೆಯುವುದೆಂತು? ಹಣ್ಣು ತರಕಾರಿಗಳನ್ನೂ ಪೊಟಾಸಿಯಂ ಹೆಚ್ಚೀತೆಂದು ಅಳೆದು ತಿನ್ನಬೇಕಾದವನು ಪಥ್ಯ ಹಿಡಿಯುವುದೆಂತು? ಅವಸರದಿಂದ ಉಪವಾಸಬಿದ್ದರೆ ಕೊಬ್ಬಿಗೆ ಬದಲಾಗಿ ಮಾಂಸಖಂಡಗಳೇ ಕರಗಿ ಪ್ರಾಣಕ್ಕೆ ಕುತ್ತಾಗಬಹುದು.

ಸಂತೋಷದ ಸಂಗತಿಯೇನೆಂದರೆ ಈ ಗೆರೆಯು ಈಗ ಸಡಿಲವಾಗುತ್ತಿದೆ. ಕೇವಲ ಸ್ಥೂಲಕಾಯದ ನೆಪದಿಂದ ಯಾರನ್ನೂ ಕಸಿಗೆ ಹೊರತುಮಾಡಬಾರದೆಂದು 2020ರಲ್ಲಿ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಮಂಡಲಿಯು ಸಲಹೆಮಾಡಿತು. ತೂಕವಿಳಿಸಲು ನೆರವನ್ನೂ ಕೊಡಬೇಕೆಂದು ಸೂಚಿಸಿತು. 2009ರಿಂದ ಷಿಕಾಗೊ ನಗರದ ಶಸ್ತ್ರವೈದ್ಯರು ಯಂತ್ರಹಸ್ತಗಳ ಸಹಾಯದಿಂದ, ಕೊಬ್ಬು ದಪ್ಪಗಿರುವ ಕಿಬ್ಬೊಟ್ಟೆಯಲ್ಲಿ ದೊಡ್ಡ ಗಾಯಮಾಡದೆ, ಹೊಕ್ಕುಳಿನ ಮೇಲ್ಭಾಗದಲ್ಲಿ ಸಣ್ಣ ಗಾಯದಿಂದಲೇ ಸ್ಥೂಲಕಾಯರಿಗೆ ಕಸಿಮಾಡಿ ತೋರಿಸಿದ್ದಾರೆ. ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಯಿಂದ ತೂಕವಿಳಿಸಿಕೊಂಡು ಪಟ್ಟಿಗೆ ಸೇರಿದವರೂ ಉಂಟು. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ತೂಕವನ್ನು ತಗ್ಗಿಸುವುದಲ್ಲದೆ, ಸಕ್ಕರೆಕಾಯಿಲೆಯವರಲ್ಲಿ ಮೂತ್ರಪಿಂಡಗಳ ಕೇಡನ್ನೂ ನಿಧಾನಗೊಳಿಸುತ್ತದೆಂದು 2024ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತಿಳಿಸಿದೆ. ಇವೆಲ್ಲವೂ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಆಗತಕ್ಕವು.

ನಮ್ಮ ದೇಶದಲ್ಲಿ ಮೂತ್ರಪಿಂಡದ ಕಸಿಯು 1971ರಲ್ಲಿ ವೆಲ್ಲೂರಿನಲ್ಲಿ ಸಫಲವಾಗಿ ನಡೆಯಿತು; 1994ರಲ್ಲಿ ಅಂಗದಾನದ ಕಾನೂನು ಬಂದಿತು. ಕರ್ನಾಟಕದಲ್ಲಿ ಮೃತರ ಅಂಗದಾನವನ್ನು 'ಜೀವಸಾರ್ಥಕತೆ' ಎಂಬ ಸಂಸ್ಥೆಯು ನೋಡಿಕೊಳ್ಳುತ್ತದೆ. ಆದರೂ ನಮ್ಮಲ್ಲಿ ಹೆಚ್ಚಿನ ದಾನಗಳು ಬದುಕಿರುವ ಬಂಧುಗಳಿಂದಲೇ, ಅದರಲ್ಲಿಯೂ ತಾಯಿ ಹೆಂಡತಿಯರಿಂದಲೇ ಬರುತ್ತವೆ. ಆದಕಾರಣ ಇಲ್ಲಿ ತಕ್ಕಡಿಯು ಎರಡು ಸಲ ತೂಗುತ್ತದೆ. ದಾನಿಯು ಅತಿಯಾಗಿ ದಪ್ಪಗಿದ್ದರೆ, ಒಂದೇ ಮೂತ್ರಪಿಂಡದಿಂದ ಮುಂದೆ ಅವಳಿಗೇ ಕಷ್ಟವಾದೀತೆಂದು ವೈದ್ಯರು ಹಿಂಜರಿಯುತ್ತಾರೆ. ಕೊಡಲು ಮನಸ್ಸಿದ್ದೂ ಕೊಡಲಾರದ ಹೆಂಗಸಿನ ಸಂಕಟವನ್ನು ಬಲ್ಲವರೇ ಬಲ್ಲರು.

ಮನೆಯಲ್ಲಿ ಇಂತಹ ರೋಗಿಯಿರುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟು. ತೂಕ ಹೆಚ್ಚೆಂದು ಒಂದು ಕಡೆ ಇಲ್ಲವೆಂದರೆ ಅಲ್ಲಿಗೇ ಆಸೆಬಿಡಬೇಡಿರಿ. ಎಷ್ಟು ತೂಕಕ್ಕೆ ಇಳಿದರೆ ಒಪ್ಪುತ್ತೀರಿ, ಎಷ್ಟು ಕಾಲದಲ್ಲಿ, ಯಾರ ಸಹಾಯದಿಂದ, ದೇಹದಲ್ಲಿ ನಿಂತ ನೀರನ್ನು ಕಳೆದು ಲೆಕ್ಕಹಾಕಿದಿರಾ ಎಂದು ವಿನಯದಿಂದ ಕೇಳಿರಿ. ಬೇರೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ. ಮೂತ್ರಪಿಂಡಗಳು ಇನ್ನೂ ನೆಟ್ಟಗಿರುವವರು ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷೆಮಾಡಿಸಿಕೊಂಡು ಊಟದಲ್ಲಿ ಹದವನ್ನು ಕಾಯಲಿ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯು ಆರೋಗ್ಯವಂತನಿಗೆ ಒಳ್ಳೆಯ ಬುದ್ಧಿವಾದ. ರೋಗಿಯ ಮುಂದೆ ನಿಂತು ಅದನ್ನೇ ಆಡಿದರೆ ಅದು ಬುದ್ಧಿವಾದವಾಗದು, ಬರೆಯಾದೀತು. ತಕ್ಕಡಿಯು ತೂಕವನ್ನು ಹೇಳಲಿ. ಬದುಕಲು ಯಾರು ಅರ್ಹರೆಂಬ ತೀರ್ಮಾನವನ್ನು ಅದೊಂದಕ್ಕೇ ಬಿಡುವುದು ಬೇಡ.